ಜಮೈಕಾದ ಅತ್ತೆಯ ನೈನ್ ನೈಟ್, ಚರ್ಚಿನ ಮಾತು, ನೆನಪಿನ ಪುಸ್ತಿಕೆ: ತಿಳಿದವರು ಹೇಳಿ

ಹ್ಯಾಂಡ್ಸ್‌ವರ್ತ್_ಅಳಿಯ
ಹೆಂಡತಿಯ ತಾಯಿ ಮೊನ್ನೆ ಭಾನುವಾರ ತೀರಿಕೊಂಡರು, 84 ವರ್ಷ. ಹುಟ್ಟಿದ್ದು ಜಮೈಕಾದ ಸೇಂಟ್ ಎಲಿಜಬೆತ್ ಪ್ಯಾರಿಷ್, ಅಂದ್ರೆ ಜಿಲ್ಲೆ. 1961ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದರು, ನಿವೃತ್ತಿಯವರೆಗೂ ಆಸ್ಪತ್ರೆಯಲ್ಲಿ ನರ್ಸ್. ಬಾಯಿ ಜೋರು, ಕೈ ಧಾರಾಳ. ಟೋಪಿಯಿಲ್ಲದೆ ಚರ್ಚಿಗೆ ಹೋದವರಲ್ಲ, ಡಾಮಿನೋ ಮೇಜಿನಿಂದ ಸೋತು ಎದ್ದವರಲ್ಲ.

ನನ್ನ ಪಾಲಿಗೆ ಬಂದಿರೋ ಕೆಲಸ ಇಷ್ಟು: 60 ಜನರ ನೈನ್ ನೈಟ್ (ಸತ್ತವರ ಒಂಬತ್ತನೇ ರಾತ್ರಿ ಜನ ಸೇರೋ ಕೂಟ) ಅಡುಗೆ ಉಸ್ತುವಾರಿ, ಪುಸ್ತಿಕೆ, ಚರ್ಚಿನಲ್ಲಿ ಹೆಂಡತಿ ಓದೋ ಐದು ನಿಮಿಷದ ಮಾತನ್ನ ಬರೆದುಕೊಡೋದು, ಅವರು ಬಂದ ಹಡಗಿನ ದಾಖಲೆ ಹುಡುಕೋದು. ಅತ್ತೆಯ ತಂಗಿ "ಜಗಳಗಂಟಿ ಅನ್ನೋ ಹಾಗೆ ಬರೀಬೇಡ" ಅಂತಾರೆ. ಹೆಂಡತಿ "ಅಮ್ಮನ್ನ ಸಾಧ್ವಿ ಮಾಡಿಟ್ರೆ ಬಂದವರು ಬೇರೆ ಯಾರದೋ ಮಣ್ಣಿಗೆ ಬಂದ್ವಿ ಅಂದ್ಕೋತಾರೆ" ಅಂತಾಳೆ. ಕೆರಿಬಿಯನ್ ಮನೆಗಳ ಒಡನಾಟ ಇರೋರು ದಯವಿಟ್ಟು ಹೇಳಿ.

ಬಸವನಗುಡಿ_ಬೋಂಡಾ
ಅತ್ತೆಯವರ ಆತ್ಮಕ್ಕೆ ಶಾಂತಿ ಸಿಗಲಿ. ವಿಂಡ್‌ರಶ್ ಹಡಗಿನವರಲ್ವಾ? ಪ್ರಯಾಣಿಕರ ಪಟ್ಟಿ ಆನ್‌ಲೈನ್ ಇದೆ, ಹೆಸರು ಹಾಕಿದ್ರೆ ಬರುತ್ತೆ.

ಹಳೇಕಡತ
ಬರಲ್ಲ. ಕೆರಿಬಿಯನ್ ಜನರನ್ನ ಹೊತ್ತು ಎಂಪೈರ್ ವಿಂಡ್‌ರಶ್ ಹಡಗು ಇಂಗ್ಲೆಂಡಿನ ಟಿಲ್ಬರಿ ಬಂದರಿಗೆ ಬಂದದ್ದು 1948ರ ಜೂನ್‌ನಲ್ಲಿ. 1954ರ ಮಾರ್ಚ್‌ನಲ್ಲಿ ಮೆಡಿಟರೇನಿಯನ್‌ನಲ್ಲಿ ಬೆಂಕಿ ಬಿದ್ದು ಮುಳುಗಿಹೋಯ್ತು. 1961ರಲ್ಲಿ ಆ ಹಡಗೇ ಇರಲಿಲ್ಲ. 1948ರಿಂದ 70ರ ದಶಕದ ಶುರುವಿನವರೆಗೆ ಬಂದ ಎಲ್ಲರನ್ನೂ ಸೇರಿಸಿ "ವಿಂಡ್‌ರಶ್ ತಲೆಮಾರು" ಅಂತಾರೆ, ಅಷ್ಟೇ. ಪುಸ್ತಿಕೆಯಲ್ಲಿ "ವಿಂಡ್‌ರಶ್‌ನಲ್ಲಿ ಬಂದರು" ಅಂತ ಅಚ್ಚಾದ್ರೆ ಮೊದಲ ಸಾಲಿನಲ್ಲಿ ಕೂತ ಹಿರಿಯರೇ ಹಿಡೀತಾರೆ.

ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿ ಒಳಬಂದ ಹಡಗುಗಳ ಪಟ್ಟಿ ಬಿಟಿ 26 ಅನ್ನೋ ಸರಣಿ. ಅದು 1960ಕ್ಕೆ ನಿಲ್ಲುತ್ತೆ. ನಿಮ್ಮತ್ತೆ ಒಂದು ವರ್ಷದಲ್ಲಿ ತಪ್ಪಿಸಿಕೊಂಡಿದ್ದಾರೆ. ವಿಮಾನದಲ್ಲಿ ಬಂದಿದ್ರೆ ಅಂಥ ಪಟ್ಟಿಯೇ ಇಲ್ಲ. ಇಳಿದಾಗ ತುಂಬಿಸಿಕೊಳ್ತಿದ್ದ ಲ್ಯಾಂಡಿಂಗ್ ಕಾರ್ಡುಗಳನ್ನ ಬ್ರಿಟಿಷ್ ಗೃಹ ಇಲಾಖೆ 2010ರಲ್ಲಿ ನಾಶ ಮಾಡಿತು. 2018ರಲ್ಲಿ ಅದೇ ದೊಡ್ಡ ಗಲಾಟೆ ಆಯ್ತು.

ಈ ಕ್ರಮದಲ್ಲಿ ಹುಡುಕಿ. ಮೊದಲು ಹಳೇ ಪಾಸ್‌ಪೋರ್ಟ್. ಜಮೈಕಾಕ್ಕೆ ಸ್ವಾತಂತ್ರ್ಯ ಬಂದದ್ದು 1962ರ ಆಗಸ್ಟ್ 6, ಆದ್ದರಿಂದ ಅವರ ಕೈಯಲ್ಲಿದ್ದದ್ದು ವಸಾಹತಿನ ಬ್ರಿಟಿಷ್ ಪಾಸ್‌ಪೋರ್ಟ್. ಅದರ ಮುದ್ರೆಯಲ್ಲಿ ಬಂದರು, ತಾರೀಖು ಎರಡೂ ಸಿಗಬಹುದು. ಆಮೇಲೆ ಮದುವೆ ಪತ್ರ, ಮಕ್ಕಳ ಜನನ ಪತ್ರ. ಅದರಲ್ಲಿ ವಿಳಾಸ ಇರುತ್ತೆ. ವಿಳಾಸ ಹಿಡಿದು ಬರ್ಮಿಂಗ್‌ಹ್ಯಾಮ್ ಗ್ರಂಥಾಲಯದಲ್ಲಿ ಮತದಾರರ ಪಟ್ಟಿ ನೋಡಿ, ಕಾಮನ್‌ವೆಲ್ತ್ ಪ್ರಜೆಗಳಿಗೆ ಇಲ್ಲಿ ಮತ ಇತ್ತು. ಆ ಪಟ್ಟಿ ಬೀದಿವಾರು ಇರುತ್ತೆ, ಹೆಸರುವಾರು ಅಲ್ಲ. ಇನ್ನೊಂದು ತೊಡಕು: ಆಗ ಮತದ ವಯಸ್ಸು 21. ಇಪ್ಪತ್ತಕ್ಕೆ ಬಂದವರ ಹೆಸರು 1961, 62ರ ಪಟ್ಟಿಯಲ್ಲಿ ಇಲ್ಲದಿರಬಹುದು. ಅಲ್ಲಿಲ್ಲ ಅಂದ ಮಾತ್ರಕ್ಕೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಇರಲಿಲ್ಲ ಅಂತಲ್ಲ.

ನರ್ಸಮ್ಮ_ಲೆಸ್ಟರ್
ಪುಸ್ತಿಕೆಯಲ್ಲಿ ಸುಮ್ಮನೆ "ನರ್ಸ್" ಅಂತ ಹಾಕಬೇಡಿ. ಆಗ ಎರಡು ದಾರಿ ಇತ್ತು. ಮೂರು ವರ್ಷ ಕಲಿತರೆ ಸ್ಟೇಟ್ ರಿಜಿಸ್ಟರ್ಡ್, ಎರಡು ವರ್ಷ ಕಲಿತರೆ ಸ್ಟೇಟ್ ಎನ್‌ರೋಲ್ಡ್. ಕೆರಿಬಿಯನ್ ಹುಡುಗಿಯರನ್ನ ಅರ್ಹತೆ ಇದ್ರೂ ಎರಡನೇದಕ್ಕೆ ತಳ್ಳಿದ್ದು ಬಹಳ. ಅದರಲ್ಲಿ ಬಡ್ತಿ ಹೆಚ್ಚು ಇರಲಿಲ್ಲ, ಊರಿಗೆ ವಾಪಸ್ ಹೋದ್ರೆ ಆ ಪತ್ರಕ್ಕೆ ಬೆಲೆಯೂ ಇರಲಿಲ್ಲ. ಎನ್‌ರೋಲ್ಡ್ ಆಗಿ ಸೇರಿ ಆಮೇಲೆ ಮತ್ತೆ ಓದಿ ರಿಜಿಸ್ಟರ್ಡ್ ಆಗಿದ್ರೆ ಅದು ಒಂದೇ ಸಾಲಲ್ಲಿ ಅವರ ಹಟ ಏನು ಅಂತ ಹೇಳಿಬಿಡುತ್ತೆ. ನರ್ಸಿಂಗ್ ಬ್ಯಾಡ್ಜ್ ಇದ್ರೆ ಹಿಂಭಾಗ ನೋಡಿ, ಹೆಸರೋ ಸಂಖ್ಯೆಯೋ ಕೊರೆದಿರುತ್ತೆ. ರಾತ್ರಿಪಾಳಿಯೇ ಮಾಡಿದ್ರಾ, ಅದೂ ಕೇಳಿ. ಮಕ್ಕಳನ್ನ ಹಗಲು ನೋಡ್ಕೊಳ್ಳೋಕೆ ಆ ತಲೆಮಾರಿನ ತಾಯಂದಿರು ಹಿಡಿದ ದಾರಿ ಅದು.

ಬ್ರಿಕ್ಸ್ಟನ್_ಬೀಗರು
ದಾಖಲೆ ನಿಧಾನಕ್ಕೆ ಹುಡುಕಿ. ನೈನ್ ನೈಟ್‌ಗೆ ಸಮಯ ಇಲ್ಲ. ಭಾನುವಾರದಿಂದ ಎಣಿಸಿದ್ರೆ ಮುಂದಿನ ಸೋಮವಾರ ಒಂಬತ್ತನೇ ರಾತ್ರಿ. ಊರಲ್ಲಾದ್ರೆ ತೀರಿಕೊಂಡ ದಿನದಿಂದಲೇ ಪ್ರತಿ ರಾತ್ರಿ ಜನ ಸೇರ್ತಾರೆ, ಒಂಬತ್ತನೇದು ದೊಡ್ಡದು. ಬ್ರಿಟನ್ನಿನಲ್ಲಿ ಮಣ್ಣು ಮಾಡೋದೇ ಮೂರು ನಾಲ್ಕು ವಾರಕ್ಕೆ ಹೋಗೋದ್ರಿಂದ ಎರಡು ಪದ್ಧತಿ ನಡೀತಿದೆ. ಕೆಲವರು ನಿಜವಾದ ಒಂಬತ್ತನೇ ರಾತ್ರಿಗೇ ಮಾಡ್ತಾರೆ, ಕೆಲವರು ಮಣ್ಣಿನ ಹಿಂದಿನ ರಾತ್ರಿ. ಶನಿವಾರಕ್ಕೆ ಎಳೆಯೋರೂ ಇದ್ದಾರೆ. ಯಾವುದು ಅಂತ ಅತ್ತೆಯ ತಂಗಿಯನ್ನ ಕೇಳಿ, ನೀವೇ ತೀರ್ಮಾನ ಮಾಡ್ಬೇಡಿ.

ನಡೆಯೋ ರೀತಿ: ಒಂದು ಮೇಜಿಗೆ ಬಿಳಿ ಬಟ್ಟೆ ಹಾಸಿ ತೀರಿಕೊಂಡವರಿಗೆ ಇಷ್ಟದ ಊಟ, ಒಂದು ಲೋಟ ಬಿಳಿ ರಮ್ ಇಡ್ತಾರೆ. ನಡುರಾತ್ರಿವರೆಗೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಉಳಿದ ಅಡುಗೆ ಸಂಜೆಯಿಂದಲೇ ಬಡಿಸ್ತಾ ಇರ್ತಾರೆ. ಹಾಡು, ಡಾಮಿನೋ, ಅವರ ಮೇಲಿನ ತಮಾಷೆ. ನಡುರಾತ್ರಿ ಮೇಲೆ ಬೀಳ್ಕೊಡುಗೆ. ಹಳೇ ಕಾಲದವರು ಅವರ ಕೋಣೆಯ ಹಾಸಿಗೆ ಎತ್ತಿ ನಿಲ್ಲಿಸ್ತಾರೆ, ಮಂಚ ಬೀರು ಜಾಗ ಬದಲಿಸ್ತಾರೆ. ಡಪ್ಪಿ, ಅಂದ್ರೆ ಹೋದವರ ನೆರಳು, ವಾಪಸ್ ಬಂದ್ರೂ ಕೋಣೆ ಗುರುತು ಸಿಗಬಾರದು ಅಂತ.

ಬಸವನಗುಡಿ_ಬೋಂಡಾ
ನಮ್ಮ ವೈಕುಂಠ ಸಮಾರಾಧನೆ ಇದ್ದ ಹಾಗೆ ಅನ್ನಿ.

ಬ್ರಿಕ್ಸ್ಟನ್_ಬೀಗರು
ಅಲ್ಲ. ಪುರೋಹಿತರಿಲ್ಲ, ಮಂತ್ರ ಇಲ್ಲ, ಸೂತಕ ಇಲ್ಲ. ಗದ್ದಲ ಇದೆ. ಗದ್ದಲ ಇಲ್ಲದಿದ್ರೆ ಸತ್ತವರಿಗೆ ಅವಮಾನ ಅಂತ ಲೆಕ್ಕ.

ಕುಡ್ಲ_ಕ್ವಾಯರ್
ಇವರ ಚರ್ಚು ಯಾವುದು ಮಾರಾಯ್ರೆ? ಅದು ತಿಳಿಯದೆ ರಮ್ ತರಬೇಡಿ. ಪೆಂಟೆಕೋಸ್ಟಲ್ ಮನೆಗಳಲ್ಲಿ ಡಪ್ಪಿ, ರಮ್ ಎರಡೂ ನಡೆಯೋದಿಲ್ಲ. ಪಾಸ್ಟರ್ ಎದ್ದು ಹೋದದ್ದುಂಟು. ಅಲ್ಲಿ ಅದೇ ರಾತ್ರಿಯನ್ನ ಪ್ರಾರ್ಥನಾ ಕೂಟ ಅಂತ ಮಾಡ್ತಾರೆ, ಊಟ ಅದೇ, ಬಾಟ್ಲಿ ಮಾತ್ರ ಕಾರಿನ ಡಿಕ್ಕಿಯಲ್ಲಿ.

ಹ್ಯಾಂಡ್ಸ್‌ವರ್ತ್_ಅಳಿಯ
ಬ್ಯಾಪ್ಟಿಸ್ಟ್. ರಮ್‌ಗೆ ಅಡ್ಡಿಯಿಲ್ಲ ಅಂತ ಹಿರಿಯರು ಹೇಳಿದ್ದಾರೆ. ಹಾಡಿಗೆ ಪುಸ್ತಕ ಅಚ್ಚು ಹಾಕಿಸಬೇಕಾ?

ಕುಡ್ಲ_ಕ್ವಾಯರ್
ನೈನ್ ನೈಟ್‌ಗೆ ಬೇಡ. ಅಲ್ಲಿ ಹಾಡೋದು "ಸ್ಯಾಂಕಿ", ಅಂದ್ರೆ ಹಳೇ ಕೀರ್ತನೆಗಳು. ಒಬ್ಬರು ಸಾಲನ್ನ ಮಾತಿನ ಹಾಗೆ ಕೂಗಿ ಕೊಡ್ತಾರೆ, ಜನ ಅದನ್ನ ಎಳೆದು ಹಾಡ್ತಾರೆ. ಅದಕ್ಕೆ ಟ್ರ್ಯಾಕ್ ಮಾಡೋದು ಅಂತಾರೆ. ನಿಮಗೆ ಬೇಕಾಗಿರೋದು ಪುಸ್ತಕ ಅಲ್ಲ, ಟ್ರ್ಯಾಕ್ ಮಾಡೋ ಗಟ್ಟಿ ಗಂಟಲಿನ ಒಬ್ಬ ಅಜ್ಜಿ. ಈಗಲೇ ಹೇಳಿಟ್ಟುಕೊಳ್ಳಿ. ಅಂಥವರು ಇಲ್ಲದಿದ್ರೆ ಎರಡನೇ ಪದ್ಯಕ್ಕೇ ಹಾಡು ಬಿದ್ದುಹೋಗ್ತದೆ, ಯಾರೋ ಫೋನ್ ಸ್ಪೀಕರ್‌ಗೆ ಹಾಕ್ತಾರೆ, ಅಲ್ಲಿಗೆ ಮುಗೀತು.

ಮಲ್ಲೇಶ್ವರ_ಮಂಜ
ಸ್ಯಾಂಕಿ ಅಂದ್ರೆ ನಮ್ಮ ಸದಾಶಿವನಗರದ ಕೆರೆ ಅಲ್ವಾ ಗುರೂ 😄

ಹಳೇಕಡತ
ಕೆರೆಯದು ಇಂಜಿನಿಯರ್ ರಿಚರ್ಡ್ ಸ್ಯಾಂಕಿ, 1882. ಇದು ಅಮೆರಿಕದ ಕೀರ್ತನೆಗಾರ ಐರಾ ಸ್ಯಾಂಕಿ. ಸಂಬಂಧ ಇಲ್ಲ.

ಕಲಬುರಗಿ_ತೊಗರಿ
ಅಡಗಿ ವಿಷಯಕ್ಕ ಬರ್ರಿ. 60 ಮಂದಿಗೆ ಲೆಕ್ಕ ಹಿಂಗೈತಿ.

ಕರಿ ಗೋಟ್: ಎಲುಬು ಸಮೇತ 12 ಕೆ.ಜಿ. ಒಂದ ಪಾತ್ರಿಗೆ ಹಾಕಬ್ಯಾಡ್ರಿ, 6 ಕೆ.ಜಿ.ಯಂಗ ಎರಡು. ದೊಡ್ಡ ಪಾತ್ರಿ ಆದ್ರ ತಳ ಹತ್ತತೈತಿ, ಮ್ಯಾಲಿಂದು ಬೇಯಂಗಿಲ್ಲ. ನಿಂಬಿಹಣ್ಣಿನ ನೀರಾಗ ತೊಳದು, ಈರುಳ್ಳಿ ತಪ್ಪಲ, ಥೈಮ್, ಬಳ್ಳೊಳ್ಳಿ, ಪಿಮೆಂಟೊ ಕಾಳು (ಆಲ್‌ಸ್ಪೈಸ್), ಸ್ಕಾಚ್ ಬಾನೆಟ್ ಮೆಣಸಿನಕಾಯಿ ಹಚ್ಚಿ ಒಂದು ರಾತ್ರಿ ಇಡ್ರಿ. ಜಮೈಕಾ ಕರಿಪುಡಿ ಒಟ್ಟ 200 ಗ್ರಾಂ. ಅರ್ಧ ಮಾಂಸಕ್ಕ ಹಚ್ಚೂದು, ಅರ್ಧ ಕಾದ ಎಣ್ಯಾಗ ಬಣ್ಣ ತಿರುಗೂತನ ಹುರಿಯೂದು. ಹುರೀಲಿಲ್ಲಂದ್ರ ಹಸಿ ಅರಿಷಿಣ ವಾಸನಿ ಹೊಡೀತೈತಿ. ನೀರು ಸ್ವಲ್ಪ ಸ್ವಲ್ಪ, ಬಿಸಿನೀರs ಹಾಕ್ರಿ, ಎರಡೂವರಿ ತಾಸು ಸಣ್ಣ ಉರಿ. ಕಡೀಕ ಬಟಾಟಿ.

ನಮ್ಮವರು ಕೆಡಸೂದು ಎಲ್ಲಿ ಅಂದ್ರ, ಗರಂ ಮಸಾಲಿ, ಕೊತ್ತಂಬರಿ ಪುಡಿ, ಟೊಮ್ಯಾಟೊ ಹಾಕಿಬಿಡತಾರ. ಹಾಕಬ್ಯಾಡ್ರಿ. ಅದು ನಿಮ್ಮ ಮಟನ್ ಸಾರು ಅಕ್ಕೈತಿ, ಅವರ ಕರಿ ಗೋಟ್ ಅಲ್ಲ.

ರೈಸ್ ಅಂಡ್ ಪೀಸ್: ಅಕ್ಕಿ 5 ಕೆ.ಜಿ., ಒಣ ರಾಜ್ಮಾ 1 ಕೆ.ಜಿ., ತೆಂಗಿನಹಾಲು 400 ಮಿ.ಲೀ.ದ್ದು 8 ಡಬ್ಬಿ. ರಾಜ್ಮಾ ರಾತ್ರಿ ನೆನಿ ಹಾಕಿ ಆ ನೀರು ಚೆಲ್ಲಿ, ಹೊಸ ನೀರಾಗ ಕನಿಷ್ಠ 10 ನಿಮಿಷ ಕುದಿ ಕುದಿ ಕುದಸಬೇಕು, ಆಮ್ಯಾಲೆ ಸಣ್ಣ ಉರಿ. ಬರೇ ಸ್ಲೋ ಕುಕ್ಕರಿನಾಗ ಇಟ್ರ ಅದರಾಗಿನ ವಿಷ ಹೋಗಂಗಿಲ್ಲ, 60 ಮಂದಿ ಹೊಟ್ಟಿ ಹಿಡಕೊಂಡು ಕೂಡತಾರ. ಬೇಯಿಸಿದ ಕೆಂಪು ನೀರs ಅನ್ನಕ್ಕ ಬಣ್ಣ ಕೊಡೂದು, ಅದನ್ನ ಚೆಲ್ಲಬ್ಯಾಡ್ರಿ. ಮೆಣಸಿನಕಾಯಿ ಇಡೀದು ತೇಲಿ ಬಿಡ್ರಿ. ಒಡದ್ರ ಮುಗೀತು, ಹುಡುಗ್ರು ತಿನ್ನಂಗಿಲ್ಲ.

ಕ್ರಿಸ್‌ಮಸ್ ಹೊತ್ತಿಗೆ ರಾಜ್ಮಾ ಬದಲಿ ಗುಂಗೋ ಹಾಕತಾರ. ಗುಂಗೋ ಅಂದ್ರ ನಮ್ಮ ತೊಗರಿಕಾಳs.

ಬಸವನಗುಡಿ_ಬೋಂಡಾ
ಕರಿ ಅವರಿಗೆ ಕಲಿಸಿದ್ದೇ ನಮ್ಮವರು ಅನ್ನಿ ಹಾಗಾದ್ರೆ!

ಹಳೇಕಡತ
"ನಮ್ಮವರು" ಅಂದ್ರೆ ಯಾರು? ಜಮೈಕಾಕ್ಕೆ ಜೀತದ ಕರಾರಿನ ಮೊದಲ ಭಾರತೀಯರು ಬಂದದ್ದು 1845ರ ಮೇ 10, ಓಲ್ಡ್ ಹಾರ್ಬರ್ ಬೇ. 1917ರವರೆಗೆ ಒಟ್ಟು ಸುಮಾರು 36,000 ಜನ. ಬಹುಪಾಲು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಕೋಲ್ಕತ್ತಾದಿಂದ ಹೊರಟವರು. ಮದರಾಸಿನಿಂದ ಹೋದವರು ಕಡಿಮೆ. ಕನ್ನಡದ ಪಾಲು ಹುಡುಕಿದ್ರೆ ತೊಗರಿಬೇಳೆಯಷ್ಟೂ ಸಿಗಲ್ಲ.

ಕಲಬುರಗಿ_ತೊಗರಿ
ಪಾಲು ಇರಲಿ ಬಿಡಲಿ, ಗಿಡ ಅವs ಅದಾವ್ರಿ. ಜಮೈಕಾದವರು ಕಲಾಲೂ ಅನ್ನೂದು ಹರಿವಿ ಜಾತಿ ಸೊಪ್ಪು. ಚೋಚೋ ಅಂದ್ರ ಸೀಮೆಬದನಿ. ಸಾರೆಲ್ ಅಂತ ಕೆಂಪು ಪಾನಕ ಮಾಡತಾರಲ್ಲ, ಅದು ನಮ್ಮ ಪುಂಡಿ ಗಿಡದ್ದು. ನಾವು ಎಲಿ ತಿಂತೀವಿ, ಅವರು ಹೂವಿನ ಕೆಳಗಿನ ಕೆಂಪು ದಳ ಕುಡೀತಾರ. 10 ಲೀಟರಿಗೆ ಒಣ ದಳ ಅರ್ಧ ಕೆ.ಜಿ., ಜಜ್ಜಿದ ಹಸಿಶುಂಠಿ ಕಾಲು ಕೆ.ಜಿ., ಲವಂಗ ಹತ್ತು ಹನ್ನೆರಡು. ಕುದಿಯೂ ನೀರು ಸುರುವಿ ಮುಚ್ಚಿ ರಾತ್ರಿ ಬಿಡ್ರಿ, ಮುಂಜಾನೆ ಸೋಸಿ ಸಕ್ಕರಿ. ಅಲ್ಯುಮಿನಿಯಂ ಪಾತ್ರಿ ಬ್ಯಾಡ, ಹುಳಿಗೆ ಲೋಹದ ರುಚಿ ಬರತೈತಿ.

ಬ್ರಿಕ್ಸ್ಟನ್_ಬೀಗರು
ಮ್ಯಾನಿಶ್ ವಾಟರ್ ಬಿಟ್ಟಿರಲ್ಲ. ಆಡಿನ ತಲೆ, ಕಾಲು, ಬೋಟಿ ಹಾಕಿದ ಸೂಪು. ತಲಾ ಒಂದು ಕಾಲು ಲೀಟರ್ ಕಪ್ಪಿನಂತೆ 15 ಲೀಟರ್. ತಲೆ ಎರಡು, ಕಾಲು ಎಂಟು, ಬೋಟಿ 2 ಕೆ.ಜಿ. ಮಾಂಸ ಮೆತ್ತಗಾಗೋಕೆ ಮೂರು ಗಂಟೆ, ಆಮೇಲೆ ಹಸಿ ಬಾಳೆಕಾಯಿ, ಯಾಮ್ ಗೆಡ್ಡೆ, ಸೀಮೆಬದನೆ. ಕೊನೆಗೆ ಬೆರಳಿನಷ್ಟು ಉದ್ದ ಹೊಸೆದ ಮೈದಾ ಉಂಡೆ, ಅದಕ್ಕೆ ಸ್ಪಿನ್ನರ್ಸ್ ಅಂತಾರೆ. ಉಂಡೆ ಬೇಗ ಹಾಕಿದ್ರೆ ಕರಗಿ ಗಂಜಿ ಆಗುತ್ತೆ. ಬ್ರಿಟನ್ನಿನಲ್ಲಿ ಚರ್ಮಸಹಿತ ಸುಟ್ಟ ಆಡು, ಕುರಿ ಮಾಂಸ ಮಾರೋದು ಕಾನೂನುಬಾಹಿರ, ಚರ್ಮ ಸುಲಿದ ತಲೆಯನ್ನೇ ಮೂರು ದಿನ ಮೊದಲು ಕಟುಕರಿಗೆ ಹೇಳಿಡಿ.

ರಮ್ ಬಾಟ್ಲಿ ಒಲೆ ಹತ್ತಿರ ಇಡಬೇಡಿ. ಓವರ್‌ಪ್ರೂಫ್ ಅಂದ್ರೆ ನೂರಕ್ಕೆ 63 ಆಲ್ಕೋಹಾಲ್, ಆವಿಗೇ ಬೆಂಕಿ ಹಿಡಿಯುತ್ತೆ. ಮನೆಯಲ್ಲಿ ಮಾಡ್ತೀರಾ, ಹಾಲ್‌ನಲ್ಲಾ? ಮನೆಯಲ್ಲಾದ್ರೆ ಅಕ್ಕಪಕ್ಕದವರಿಗೆ ಮೊದಲೇ ಚೀಟಿ ಹಾಕಿ, ರಾತ್ರಿ 11ರ ನಂತರ ಸದ್ದಿನ ದೂರು ಕೌನ್ಸಿಲ್‌ಗೆ ಹೋಗುತ್ತೆ. ಹಾಲ್ ಆದ್ರೆ ಎಷ್ಟು ಹೊತ್ತಿಗೆ ಬೀಗ ಅಂತ ಕೇಳಿ. 11ಕ್ಕೆ ಮುಚ್ಚೋ ಹಾಲ್‌ನಲ್ಲಿ ನಡುರಾತ್ರಿಯ ಮೇಜು ಹೇಗೆ?

ಚೀಟಿ_ಲೆಕ್ಕ
ಯಾರೂ ಕೇಳದ ಒಂದು ಪ್ರಶ್ನೆ. ನಿಮ್ಮತ್ತೆ ಪಾರ್ಟ್ನರ್ ನಡೆಸ್ತಿದ್ರಾ?

ಹ್ಯಾಂಡ್ಸ್‌ವರ್ತ್_ಅಳಿಯ
ನಡೆಸ್ತಿದ್ರು. ಚರ್ಚಿನ ಹೆಂಗಸರದು. ಒಂದು ನೋಟ್‌ಬುಕ್ ಇದೆ.

ಚೀಟಿ_ಲೆಕ್ಕ
ಹಾಗಾದ್ರೆ ಅಡುಗೆ, ಪುಸ್ತಿಕೆ ಎಲ್ಲ ಬದಿಗಿಡಿ, ಇವತ್ತೇ ಆ ನೋಟ್‌ಬುಕ್ ತೆಗೀರಿ.

ತಿಳಿಯದವರಿಗೆ: ಪಾರ್ಟ್ನರ್ ಅಂದ್ರೆ ಜಮೈಕಾದ ಚೀಟಿ. ನಮ್ಮ ಹಾಗೆ ಹರಾಜು ಕೂಗೋದಿಲ್ಲ, ಕಸರು ಇಲ್ಲ. 20 ಜನ ವಾರಕ್ಕೆ 50 ಪೌಂಡ್ ಹಾಕಿದ್ರೆ ಪ್ರತಿ ವಾರ ಒಬ್ಬರಿಗೆ ಪೂರ್ತಿ 1,000. ಹಾಕೋದಕ್ಕೆ ಹ್ಯಾಂಡ್ ಎಸೆಯೋದು ಅಂತಾರೆ, ತೆಗೆಯೋದಕ್ಕೆ ಡ್ರಾ. ಯಾರಿಗೆ ಯಾವ ವಾರ ಅಂತ ನಿರ್ಧರಿಸೋರು ಬ್ಯಾಂಕರ್, ಬಹುಮಟ್ಟಿಗೆ ಮಾತು ಖಡಕ್ಕಾಗಿರೋ ಹೆಂಗಸು. 50, 60ರ ದಶಕದಲ್ಲಿ ಸಾಲ ಕೊಡೋರಿಲ್ಲದಾಗ ಈ ಜನ ಮನೆ ಕೊಂಡದ್ದು ಇದೇ ದುಡ್ಡನ್ನ ಮುಂಗಡ ಕಟ್ಟಿ.

ಈಗ ಬ್ಯಾಂಕರ್ 12ನೇ ವಾರದಲ್ಲಿ ತೀರಿಕೊಂಡರು ಅನ್ನಿ. 12 ಜನ ದುಡ್ಡು ತಗೊಂಡಾಗಿದೆ, ಎಂಟು ಜನಕ್ಕೆ ಬಾಕಿ. ಆ ಎಂಟು ಜನ ತಲಾ 600ರಂತೆ 4,800 ಪೌಂಡ್ ಕಟ್ಟಿದ್ದಾರೆ. ಆ ದುಡ್ಡು ನಿಮ್ಮತ್ತೆಯ ಬೀರುವಿನಲ್ಲಿ ಇಲ್ಲ, ಮೊದಲು ಡ್ರಾ ಮಾಡಿದ 12 ಜನರ ಹತ್ತಿರ ಇದೆ. ತಗೊಂಡವರು ಉಳಿದ ಎಂಟು ವಾರ ಕಟ್ಟದೆ ಜಾರಿಕೊಂಡ್ರೆ ಹೆಸರು ಕೆಡೋದು ಸತ್ತವರದು. ಬರಹದ ಕರಾರು ಇರೋದಿಲ್ಲ, ಆ ನೋಟ್‌ಬುಕ್ಕೇ ಸಾಕ್ಷಿ.

ಮಾಡಬೇಕಾದ್ದು: ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ. ಹಳಬರಲ್ಲಿ ಇಬ್ಬರನ್ನ ಕೂರಿಸಿಕೊಂಡು ಯಾರು ಡ್ರಾ ಮಾಡಿದ್ದಾರೆ, ಯಾರಿಲ್ಲ ಅಂತ ಗುರುತು ಹಾಕಿ. ಬರೀ ಅಡ್ಡಹೆಸರು ಬರೆದಿರ್ತಾರೆ, ಅದಕ್ಕೇ ಹಳಬರು ಬೇಕು. ಮುಂದಿನ ಬ್ಯಾಂಕರ್ ಯಾರು ಅಂತ ಅವರೇ ಆರಿಸಲಿ. ಅತ್ತೆಯದೇ ಒಂದು ಹ್ಯಾಂಡ್ ಇದ್ರೆ ಅದನ್ನ ಮಗಳು ಮುಂದುವರಿಸಲಿ. ನೈನ್ ನೈಟ್‌ಗೆ ಮೊದಲೇ ಎಲ್ಲರಿಗೂ ಒಂದು ಮಾತು ಹೋಗಲಿ, ಇಲ್ಲದಿದ್ರೆ ಆ ರಾತ್ರಿ ಮೂಲೆಯಲ್ಲಿ ಗುಸುಗುಸು ಶುರುವಾಗುತ್ತೆ.

ಮಲ್ಲೇಶ್ವರ_ಮಂಜ
ಇದು ನಿಜವಾದ ಶ್ರದ್ಧಾಂಜಲಿ ಗುರೂ. ಅಂದಹಾಗೆ ವೆಸ್ಟ್ ಇಂಡೀಸ್‌ನವರೆಲ್ಲ ಹೀಗೇ ನೈನ್ ನೈಟ್ ಮಾಡ್ತಾರಾ?

ಬ್ರಿಕ್ಸ್ಟನ್_ಬೀಗರು
ಇಲ್ಲ. ಬಾರ್ಬಡೋಸ್‌ನವರ ಮನೆಗೆ ಹೋಗಿ ಮ್ಯಾನಿಶ್ ವಾಟರ್ ಎಲ್ಲಿ ಅಂತ ಕೇಳಬೇಡಿ. ಟ್ರಿನಿಡಾಡ್‌ನವರ ವೇಕ್, ಅಂದ್ರೆ ಸಾವಿನ ಮನೆಯ ಜಾಗರಣೆ, ಬೇರೆ ಥರ. ಜಮೈಕಾದಲ್ಲೇ ಪ್ಯಾರಿಷ್‌ಗೊಂದು ರೀತಿ: ಸೇಂಟ್ ಮೇರಿಯಲ್ಲಿ ಡಿಂಕಿ ಮಿನಿ ಕುಣಿತ, ಸೇಂಟ್ ಥಾಮಸ್‌ನಲ್ಲಿ ಕುಮಿನಾ ಡೋಲು, ಪಶ್ಚಿಮದ ಹ್ಯಾನೋವರ್ ಕಡೆ "ಗೆರೆ" ಅನ್ನೋ ಕುಣಿತ. ಬ್ರಿಟನ್ನಿಗೆ ಬಂದ ದಾರಿಯೂ ಬೇರೆಬೇರೆ. ಬಾರ್ಬಡೋಸ್‌ನಲ್ಲಿ ಲಂಡನ್ ಟ್ರಾನ್ಸ್‌ಪೋರ್ಟ್ 1956ರಿಂದ ಅಲ್ಲಿಗೇ ಹೋಗಿ ಬಸ್ಸು, ಟ್ಯೂಬ್ ರೈಲಿನ ಕೆಲಸಕ್ಕೆ ಜನ ಆರಿಸ್ತಿತ್ತು.

ಮಲ್ಲೇಶ್ವರ_ಮಂಜ
ಬಾರ್ಬಡೋಸ್ ಅಂದ್ರೆ ಗಾರ್ಡನ್ ಗ್ರೀನಿಡ್ಜ್! ನಮ್ಮ ಚಿನ್ನಸ್ವಾಮಿಯಲ್ಲೇ ಮೊದಲ ಟೆಸ್ಟ್. ರಿಚರ್ಡ್ಸ್ ಕೂಡ ಅಲ್ಲೇ ಶುರು, ಇಬ್ಬರೂ ಚಚ್ಚಿ ಹಾಕಿದ್ರು.

ಪೆವಿಲಿಯನ್_ಎಂಡ್
ಇಬ್ಬರೂ ಅಲ್ಲ. 1974ರ ನವೆಂಬರ್. ಗ್ರೀನಿಡ್ಜ್ 93 ಮತ್ತು 107. ರಿಚರ್ಡ್ಸ್ 4 ಮತ್ತು 3, ಎರಡೂ ಸಲ ನಮ್ಮ ಚಂದ್ರಶೇಖರ್‌ಗೆ. ದಿಲ್ಲಿಯ ಮುಂದಿನ ಟೆಸ್ಟಿನಲ್ಲಿ 192 ಅಜೇಯ, ಅದು ಬೇರೆ ಮಾತು. ಗ್ರೀನಿಡ್ಜ್ ಕೂಡ ಹದಿಹರೆಯದಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಬೆಳೆದ ಹುಡುಗನೇ.

ನಿರ್ವಾಹಕ
ಕ್ರಿಕೆಟ್‌ಗೆ ಬೇರೆ ಎಳೆ ಇದೆ. ಇಲ್ಲಿ ಪುಸ್ತಿಕೆ ಬಗ್ಗೆ ಯಾರಾದ್ರೂ ಹೇಳಿ.

ನೆಗೆಟಿವ್_ನಂಜುಂಡ
ಎ4 ಹಾಳೆ ಮಡಿಸಿ ಎ5. ಪುಟ ನಾಲ್ಕರ ಗುಣಕದಲ್ಲೇ ಇರಬೇಕು, ನಿಮಗೆ 16 ಸಾಕು. ಬರೋ ಜನರ ಲೆಕ್ಕಕ್ಕಿಂತ 40, 50 ಜಾಸ್ತಿ ಹಾಕಿಸಿ, ಕಿಂಗ್‌ಸ್ಟನ್, ಟೊರಾಂಟೊ, ನ್ಯೂಯಾರ್ಕ್‌ಗೆ ಅಂತ ಕೈಗೆ ಎರಡೆರಡು ಎತ್ಕೊಂಡು ಹೋಗ್ತಾರೆ.

ಫೋಟೋದಲ್ಲೇ ಎಲ್ಲರೂ ಎಡವೋದು. 60, 70ರ ದಶಕದ ಪ್ರಿಂಟ್‌ಗಳಲ್ಲಿ ಕಪ್ಪು ಮೈಬಣ್ಣದ ಮುಖ ಮೊದಲೇ ಕತ್ತಲಾಗಿರುತ್ತೆ, ಹಿಂದೆ ಬಿಳಿ ಗೋಡೆಯೋ ಬಿಳಿ ಗೌನೋ ಇದ್ರಂತೂ ಇನ್ನೂ. ಸ್ಕ್ಯಾನರ್‌ನ ಆಟೋ ಬಿಟ್ಟರೆ ಮುಖದಲ್ಲಿ ಕಣ್ಣು, ಹಲ್ಲು ಮಾತ್ರ ಉಳಿಯುತ್ತೆ. ಆಟೋ ತೆಗೆದು 600 ಡಿಪಿಐಗೆ ಸ್ಕ್ಯಾನ್ ಮಾಡಿ. ಇಡೀ ಚಿತ್ರದ ಬೆಳಕು ಏರಿಸಬೇಡಿ, ಗೌನು ಸುಟ್ಟುಹೋಗುತ್ತೆ. ಶ್ಯಾಡೋ ಮಾತ್ರ ನಿಧಾನಕ್ಕೆ ಎತ್ತಿ. ಮೈಬಣ್ಣ ಬೂದಿಯಾದ್ರೆ ಜಾಸ್ತಿ ಎತ್ತಿದ್ದೀರಿ ಅಂತ ಅರ್ಥ. ಕೋಟಿಂಗ್ ಇಲ್ಲದ ಕಾಗದದಲ್ಲಿ ಶಾಯಿ ಹರಡಿ ಮುಖ ಮತ್ತೆ ಕಪ್ಪಿಡುತ್ತೆ, 150 ಜಿಎಸ್‌ಎಂ ಸಿಲ್ಕ್ ಕಾಗದ ಕೇಳಿ. ಪ್ರೂಫ್ ಒಂದನ್ನ ಕೈಯಲ್ಲಿ ಹಿಡಿದು ನೋಡದೆ ಅಚ್ಚಿಗೆ ಒಪ್ಪಿಗೆ ಕೊಡಬೇಡಿ, ಮೊಬೈಲ್ ಪರದೆಯಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತೆ.

ಅಂಟು ಆಲ್ಬಮ್‌ನಿಂದ ಫೋಟೋ ಕೀಳಬೇಡಿ. ಹಲ್ಲಿನ ಸಂದು ಉಜ್ಜೋ ದಾರ ಫೋಟೋ ಹಿಂದೆ ತೂರಿಸಿ ಗರಗಸದ ಹಾಗೆ ಎಳೆಯಿರಿ, ಬಿಟ್ಟುಕೊಳ್ಳುತ್ತೆ. ಬರದಿದ್ರೆ ಪುಟ ಸಮೇತ ಸ್ಕ್ಯಾನ್ ಮಾಡಿ.

ಮುಂಭಾಗದ ಕೋಣೆಯ ಫೋಟೋ ಹಾಕಿ. ಗಾಜಿನ ಬೀರು, ಸಕ್ಕರೆ ನೀರಿನ ಗಂಜಿ ಹಾಕಿ ಎದ್ದು ನಿಲ್ಲಿಸಿದ ಕ್ರೋಶಾ ಬಟ್ಟೆಗಳು, ರೇಡಿಯೋಗ್ರಾಮ್. ಮಕ್ಕಳಿಗೆ ಒಳಗೆ ಕಾಲಿಡೋಕೆ ಬಿಡದ ಕೋಣೆ ಅದು. ಸ್ಟುಡಿಯೋ ಭಾವಚಿತ್ರ ಹತ್ತು ಹಾಕೋದರ ಬದಲು ಅದೊಂದು ಸಾಕು.

ನರ್ಸಮ್ಮ_ಲೆಸ್ಟರ್
ಅವರ ಫೋನ್ ಕನೆಕ್ಷನ್ ಈಗಲೇ ಮುಚ್ಚಿಸಬೇಡಿ. ಮುಚ್ಚಿದ ದಿನ ವಾಯ್ಸ್‌ಮೇಲ್‌ನಲ್ಲಿರೋ ಅವರ ದನಿ ಹೋಗುತ್ತೆ. ಮೊದಲು ರೆಕಾರ್ಡ್ ಮಾಡಿ, ವಾಟ್ಸಾಪ್ ಧ್ವನಿಸಂದೇಶ ಎಲ್ಲರ ಫೋನಿನಿಂದ ಸೇರಿಸಿ, ಆಮೇಲೆ ಕಂಪನಿಗೆ ಹೇಳಿ.

ಹೆಸರಿನ ವಿಚಾರ: ಜಮೈಕಾದವರಿಗೆ ಮನೆಯಲ್ಲಿ ಕರೆಯೋ ಹೆಸರೊಂದು, ಪತ್ರದಲ್ಲಿ ಇನ್ನೊಂದು. ಪುಸ್ತಿಕೆಯ ಮುಖಪುಟದಲ್ಲಿ ಎರಡೂ ಬೇಕು. ಬರೀ ಪತ್ರದ ಹೆಸರು ಹಾಕಿದ್ರೆ ಅರ್ಧ ಬೀದಿಗೆ ಇದು ಯಾರು ಅಂತಲೇ ಗೊತ್ತಾಗಲ್ಲ.

ಭಾಷಣ_ಭೀಮ
ಐದು ನಿಮಿಷದ ಮಾತು. ದುಃಖದಲ್ಲಿ ಇಂಗ್ಲಿಷ್ ಓದುವ ವೇಗ ನಿಮಿಷಕ್ಕೆ 120 ಪದ. ಅಂದ್ರೆ 600. ನೀವು 500 ಬರೀರಿ, ಉಳಿದದ್ದು ಜನರ ನಗು, "ಏಮೆನ್"ಗೆ ಬೇಕು. ಅಕ್ಷರ 16 ಪಾಯಿಂಟ್, ಹಾಳೆಯ ಒಂದೇ ಬದಿ, ಪುಟಸಂಖ್ಯೆ ಇರಲಿ. ಗಂಟಲು ಕಟ್ಟಿದ್ರೆ ಓದೋಕೆ ಇನ್ನೊಬ್ಬರ ಕೈಯಲ್ಲಿ ಒಂದು ಪ್ರತಿ.

ಸಾಮಾನ್ಯವಾಗಿ ಆಗೋ ಎಡವಟ್ಟು: ಪುಸ್ತಿಕೆಯಲ್ಲಿ ಅಚ್ಚಾದ ಜೀವನಚರಿತ್ರೆಯನ್ನೇ ಮೇಲೆ ನಿಂತು ಓದೋದು. ಜನ ಪುಟ ತಿರುಗಿಸ್ತಾ ಕೂರ್ತಾರೆ. ಹುಟ್ಟು, ಊರು, ವರ್ಷ, ಕೆಲಸ, ಮೊಮ್ಮಕ್ಕಳು ಪುಸ್ತಿಕೆಗೆ. ಮೈಕಿಗೆ ಅವರ ಬುದ್ಧಿ, ಬಾಯಿ. ಎರಡೋ ಮೂರೋ ಘಟನೆ ಸಾಕು.

ಜಗಳಗಂಟಿ ಪ್ರಶ್ನೆಗೆ: ಹೆಂಡತಿ ಹೇಳಿದ್ದೇ ಸರಿ. ಆದ್ರೆ "ಅವರು ಜಗಳ ಆಡ್ತಿದ್ರು" ಅಂತ ಬರೆದ್ರೆ ಚಿಕ್ಕತ್ತೆಗೆ ನೋವು. ಯಾರ ಪರವಾಗಿ, ಯಾರ ಜೊತೆ, ಯಾವ ಮಾತಾಡಿದ್ರು ಅಂತ ಬರೀರಿ. ಮಗುವನ್ನ ದಡ್ಡರ ತರಗತಿಗೆ ಹಾಕೋಕೆ ಹೊರಟ ಶಾಲೆಗೆ ಹೋಗಿ ಕೂತು ಎದ್ದೇ ಬರದ ತಾಯಂದಿರು ಆ ತಲೆಮಾರಿನಲ್ಲಿ ಎಷ್ಟು ಜನ! ಅಂಥದ್ದೊಂದು ಇದ್ದೇ ಇರುತ್ತೆ, ಕೇಳಿ ತೆಗೀರಿ. ಅವರ ಗಾದೆಗಳನ್ನ ಪತ್ವಾದಲ್ಲೇ (ಜಮೈಕಾದ ಆಡುಮಾತು) ಬಿಡಿ, ಒಪ್ಪ ಇಂಗ್ಲಿಷ್ ಮಾಡಬೇಡಿ. ಬೇಸರ, ತಾತ್ಸಾರಕ್ಕೆ ಉಸಿರೆಳೆದು ಹಲ್ಲು ಚಪ್ಪರಿಸೋ ಅಭ್ಯಾಸ ಇತ್ತಾ? ಅದನ್ನ ವರ್ಣಿಸೋದು ಬೇಡ. ಮಗಳು ಮೈಕಿನಲ್ಲಿ ಒಂದು ಸಲ ಉದ್ದಕ್ಕೆ ಎಳೆದು ಚಪ್ಪರಿಸಲಿ, ಚರ್ಚ್ ಎದ್ದು ನಿಲ್ಲುತ್ತೆ.

ಕುಡ್ಲ_ಕ್ವಾಯರ್
ಚರ್ಚಿನೊಳಗೆ ಹಲ್ಲು ಚಪ್ಪರಿಸೋದಾ? ಪಾಸ್ಟರ್‌ಗೆ ಒಂದು ಮಾತು ಮೊದಲೇ ಹೇಳಿ.

ಭಾಷಣ_ಭೀಮ
ಹೇಳಿದ್ರೆ ಬೇಡ ಅಂತಾರೆ. ಹೇಳಬೇಡಿ.

ಕುಡ್ಲ_ಕ್ವಾಯರ್
ಸಾವಿನ ಮನೆಯಲ್ಲಿ ಪಾಸ್ಟರ್ ಹತ್ತಿರ ಯಾಕೆ ಕಟ್ಟಿಕೊಳ್ಳೋದು ಮಾರಾಯ್ರೆ. ಅದನ್ನ ನೈನ್ ನೈಟ್‌ಗೆ ಇಟ್ಟುಕೊಳ್ಳಲಿ, ಅಲ್ಲಿ ಮೂರು ಸಲ ಮಾಡಿದ್ರೂ ಆಯ್ತು.

ಹಳೇಕಡತ
ಮೊಮ್ಮಕ್ಕಳ ಪಟ್ಟಿ ಅಚ್ಚಿಗೆ ಹೋಗೋ ಮೊದಲು ಇಬ್ಬರು ಹಿರಿಯರು ನೋಡಲಿ, ಒಬ್ಬರು ಬರ್ಮಿಂಗ್‌ಹ್ಯಾಮ್, ಒಬ್ಬರು ಜಮೈಕಾ. ಇಲ್ಲಿಗೆ ಬರುವಾಗ ಅಜ್ಜಿಯ ಹತ್ತಿರ ಬಿಟ್ಟು ಬಂದ ಮಕ್ಕಳಿದ್ದಾರಾ, ಮದುವೆಯಾಚೆಗಿನ ಮಕ್ಕಳಿದ್ದಾರಾ, ನಿಮಗೆ ಗೊತ್ತಿರಲ್ಲ, ಅವರಿಗೆ ಗೊತ್ತಿರುತ್ತೆ. ಒಂದು ಹೆಸರು ಬಿಟ್ಟರೆ ಸಮಾಧಿ ಪಕ್ಕದಲ್ಲೇ ರಂಪ.

ಬ್ರಿಕ್ಸ್ಟನ್_ಬೀಗರು
ಸಮಾಧಿ ಅಂದ್ರಲ್ಲ. ಮಣ್ಣು ಮುಚ್ಚೋದು ಮನೆಯವರೇ, ಯಂತ್ರದವರಲ್ಲ. ಗಂಡಸರು ಸರದಿಯಲ್ಲಿ ಸಲಿಕೆ ಹಿಡೀತಾರೆ, ಹೆಂಗಸರು ಸುತ್ತ ನಿಂತು ಹಾಡ್ತಾರೆ, ಕೊನೆಗೆ ದಿಬ್ಬ ಮಾಡಿ ಹೂವು ಚುಚ್ತಾರೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಸ್ಮಶಾನದವರಿಗೆ ಮೊದಲೇ ತಿಳಿಸಿ ಎರಡು ಸ್ಲಾಟ್ ಕೇಳಿ, ಇಲ್ಲದಿದ್ರೆ ಅರ್ಧ ಮುಚ್ಚಿರುವಾಗ ಮುಂದಿನ ಕಾರು ಬಂದು ನಿಲ್ಲುತ್ತೆ. ಮಧ್ಯಾಹ್ನದ ಕೊನೆಯ ಹೊತ್ತು ತಗೋಬೇಡಿ. ಸಲಿಕೆ ಅವರು ಕೊಡ್ತಾರಾ, ನಾವು ತರಬೇಕಾ ಕೇಳಿ, ಆರಾದ್ರೂ ಬೇಕು. ಕಾರಿನಲ್ಲಿ ಗಮ್‌ಬೂಟ್ ಇರಲಿ. ಅಳಿಯ ಅಂದ್ಮೇಲೆ ನಿಮ್ಮ ಕೈಗೂ ಸಲಿಕೆ ಬರುತ್ತೆ, ಒಂದೆರಡು ಹಾಕಿ ಕೊಟ್ಟುಬಿಡೋದಲ್ಲ, ಬೆವರು ಬರೋವರೆಗೆ ಹಾಕಿ.

ಹ್ಯಾಂಡ್ಸ್‌ವರ್ತ್_ಅಳಿಯ
ಎಲ್ಲರಿಗೂ ಧನ್ಯವಾದ. ಪಾರ್ಟ್ನರ್ ನೋಟ್‌ಬುಕ್ ಸಿಕ್ಕಿದೆ, ಚರ್ಚಿನ ಇಬ್ಬರು ಆಂಟಿಯರು ನಾಳೆ ಬರ್ತಾರೆ. ನೈನ್ ನೈಟ್ ಸೋಮವಾರವೇ, ಹಾಲ್ ರಾತ್ರಿ 1ರವರೆಗೆ. ಮೇಜಿನ ಮೇಲೆ ಇಡೋಕೆ ಅತ್ತೆಗೆ ಇಷ್ಟದ್ದು ಹುರಿದ ಮೀನು, ಬ್ಯಾಮಿ. ಎಲ್ಲರಿಗೂ ಅದೇ ಕೊಡೋಣ ಅಂತಿದ್ದಾರೆ. ಬ್ಯಾಮಿ ಎಷ್ಟು ಬೇಕು? ಹಿಂದಿನ ದಿನ ಕರಿದಿಡಬಹುದಾ?

ಕುಡ್ಲ_ಕ್ವಾಯರ್
ಸೇಂಟ್ ಎಲಿಜಬೆತ್‌ನವರು ಅಂದ್ಮೇಲೆ ಬ್ಯಾಮಿ ಬಿಡೋ ಹಾಗಿಲ್ಲ, ಅದು ಅವರ ಊರಿನ ತಿಂಡಿ. ಮರಗೆಣಸಿನ ರೊಟ್ಟಿ ಅದು. ದೊಡ್ಡದಾದ್ರೆ ಒಂದಕ್ಕೆ ನಾಲ್ಕು ತುಂಡು, ತಲಾ ಎರಡರಂತೆ 30 ಬ್ಯಾಮಿ. ಹಿಂದಿನ ದಿನ ಕರಿದ್ರೆ ಹಲಗೆ ಆಗ್ತದೆ. ಫ್ರೀಜರ್‌ನಿಂದ ಹಿಂದಿನ ರಾತ್ರಿ ಹೊರಗಿಡಿ, ಬಡಿಸೋ ಅರ್ಧ ಗಂಟೆ ಮೊದಲು ಉಪ್ಪು ಹಾಕಿದ ತೆಂಗಿನಹಾಲಿನಲ್ಲಿ ಹತ್ತು ನಿಮಿಷ ಅದ್ದಿ, ಹಾಲು ಸೋರಿಸಿ ಕರೀರಿ. ಸೋರಿಸದೆ ಹಾಕಿದ್ರೆ ಎಣ್ಣೆ ಮುಖಕ್ಕೆ ಹಾರ್ತದೆ.

ಮೀನು ಮಾತ್ರ ಹಿಂದಿನ ದಿನವೇ ಕರಿದಿಡಬಹುದು. ಒರೆಸಿ ಪೂರ್ತಿ ಒಣಗಿಸಿ ಕರಿಯಿರಿ, ನೀರಿದ್ರೆ ಚರ್ಮ ತಳಕ್ಕೆ ಹಿಡೀತದೆ. ಮೇಲೆ ವಿನೆಗರ್, ಈರುಳ್ಳಿ, ಕ್ಯಾರೆಟ್, ಪಿಮೆಂಟೊ ಕಾಳು, ಮೆಣಸಿನಕಾಯಿ ಬಿಸಿ ಮಾಡಿ ಸುರಿದು ಮುಚ್ಚಿ ಫ್ರಿಜ್‌ನಲ್ಲಿಡಿ. ಮರುದಿನಕ್ಕೆ ರುಚಿ ಜಾಸ್ತಿ. ಮೇಜಿಗೆ ಇಡೋ ಮೀನಿಗೆ ತಲೆ ಇರಲಿ, ಕತ್ತರಿಸಬೇಡಿ.